ಕೊಕ್ಕೆ ಎಸ್‌ಗೆ ಮೊದಲೋ, ಆಮೇಲೋ? ಇಂಗ್ಲಿಷ್ ಬಹುವಚನಕ್ಕೆ ಷಷ್ಠಿ ಹಚ್ಚುವ ಸಮಗ್ರ ಮಾರ್ಗದರ್ಶಿ

“ಹುಡುಗರು”, “ಹುಡುಗನ”, “ಹುಡುಗರ”. ಈ ಮೂರರಲ್ಲಿ ಯಾವುದು ಏನು ಅಂತ ಕೇಳಿದ ಕೂಡಲೇ ಗೊತ್ತಾಗುತ್ತದೆ. ವ್ಯಾಕರಣ ಓದಿರಬೇಕೆಂದೇನಿಲ್ಲ. ಇಂಗ್ಲಿಷಿನಲ್ಲಿ ಮೂರೂ ಕಿವಿಗೆ ಒಂದೇ: ಬಾಯ್ಸ್. ಒಬ್ಬ ಹುಡುಗನದೋ, ಹಲವು ಹುಡುಗರದೋ, ಬರೀ ಬಹುವಚನವೋ ಎಂಬುದೆಲ್ಲ ಕಾಗದದ ಮೇಲಿನ ಒಂದು ಸಣ್ಣ ಕೊಕ್ಕೆಯಲ್ಲಿದೆ. ಅದೇ ಅಪಾಸ್ಟ್ರಫಿ. ಕಿವಿ ನೆರವಿಗೆ ಬರುವುದಿಲ್ಲವಾದ್ದರಿಂದ ಹುಟ್ಟಿನಿಂದ ಇಂಗ್ಲಿಷ್ ಆಡುವವರೂ ಇಲ್ಲಿ ಧಾರಾಳವಾಗಿ ಎಡವುತ್ತಾರೆ. ಕನ್ನಡ ಬಲ್ಲವರಿಗೆ ಮಾತ್ರ ಒಂದು ಅನುಕೂಲವಿದೆ. ನಮ್ಮ ವಿಭಕ್ತಿ ಪ್ರತ್ಯಯಗಳು ಈ ವ್ಯತ್ಯಾಸವನ್ನು ಬಾಯಿಬಿಟ್ಟು ಹೇಳುತ್ತವೆ. ಅದನ್ನೇ ಅಳತೆಗೋಲು ಮಾಡಿಕೊಂಡರೆ ಮುಕ್ಕಾಲು ಪಾಲು ಕೆಲಸ ಮುಗಿಯಿತು. ಉಳಿದ ಕಾಲು ಪಾಲಿನಲ್ಲಿ ಅದೇ ಕನ್ನಡ ನಮ್ಮನ್ನು ದಾರಿ ತಪ್ಪಿಸುತ್ತದೆ, ಅದನ್ನೂ ನೋಡೋಣ.

ಓದುವ ಮುಂಚೆ ಒಂದು ಮಾತು. ಇಲ್ಲಿ ಇಂಗ್ಲಿಷ್ ಪದಗಳನ್ನೂ ಕನ್ನಡ ಲಿಪಿಯಲ್ಲೇ ಬರೆದಿದೆ. ಕೊನೆಯ “ಸ್” ಇಂಗ್ಲಿಷಿನ ಎಸ್ ಅಕ್ಷರ ಎಂದುಕೊಳ್ಳಿ; ಉಚ್ಚಾರ ಕೆಲವೊಮ್ಮೆ ಝ್ ಆದರೂ ಬರೆಯುವುದು ಎಸ್ ಅನ್ನೇ. ಬಾಯ್’ಸ್ ಎಂದರೆ ಕೊಕ್ಕೆ ಎಸ್‌ಗಿಂತ ಮೊದಲು, ಬಾಯ್ಸ್’ ಎಂದರೆ ಎಸ್ ಆದಮೇಲೆ. ಕಾಗುಣಿತ ಮುಖ್ಯವಾದಲ್ಲಿ ಅಕ್ಷರಗಳನ್ನು ಬಿಡಿಸಿ ಹೇಳಿದೆ.

ಹೆಜ್ಜೆ 1: ಕನ್ನಡದಲ್ಲಿ ಹೇಳಿ, ಕೊನೆಯನ್ನು ಕೇಳಿಸಿಕೊಳ್ಳಿ

ಬರೆಯಬೇಕಾದ ಮಾತನ್ನು ಮನಸ್ಸಿನಲ್ಲೇ ಕನ್ನಡಕ್ಕೆ ತನ್ನಿ.

“ಹುಡುಗರು ಆಡುತ್ತಿದ್ದಾರೆ” ಎಂದು ಬಂದರೆ ಬರೀ ಬಹುವಚನ. ಕೊಕ್ಕೆ ಬೇಡ: ದ ಬಾಯ್ಸ್ ಆರ್ ಪ್ಲೇಯಿಂಗ್. “ಹುಡುಗರನ್ನು”, “ಹುಡುಗರಿಗೆ”, “ಹುಡುಗರಿಂದ” ಎಂದು ಬಂದರೂ ಬೇಡ.

“ಹುಡುಗನ ಚೀಲ” ಎಂದು ಬಂದರೆ ಏಕವಚನಕ್ಕೆ ಷಷ್ಠಿ, ಅಂದರೆ ಯಾರದು ಎಂದು ಹೇಳುವ ರೂಪ: ದ ಬಾಯ್’ಸ್ ಬ್ಯಾಗ್.

“ಹುಡುಗರ ಕೋಣೆ” ಎಂದು ಬಂದರೆ ಬಹುವಚನಕ್ಕೆ ಷಷ್ಠಿ: ದ ಬಾಯ್ಸ್’ ರೂಮ್. ರ, ಗಳ, ಂದಿರ (ಅಕ್ಕಂದಿರ, ಗಂಡಂದಿರ) ಎಂದು ಕೊನೆಯಾಗುವುದೆಲ್ಲ ಈ ಗುಂಪಿಗೆ ಸೇರಿದ್ದು. ಮುಂದಿನ ಎರಡು ಹೆಜ್ಜೆ ಇವಕ್ಕಾಗಿ.

ತರಕಾರಿ ಅಂಗಡಿಯ ಬೋರ್ಡಿನಲ್ಲಿ “ಟೊಮ್ಯಾಟೊ’ಸ್” ಎಂದು ಕೊಕ್ಕೆ ಹಾಕುವ ಚಾಳಿ ಇಂಗ್ಲೆಂಡಿನಲ್ಲಿ ಎಷ್ಟಿದೆಯೆಂದರೆ ಅದಕ್ಕೆ “ತರಕಾರಿಯವನ ಅಪಾಸ್ಟ್ರಫಿ” ಎಂಬ ಹೆಸರೇ ಬಿದ್ದಿದೆ. “ಟೊಮ್ಯಾಟೊಗಳು” ಎಂದು ಒಮ್ಮೆ ಹೇಳಿಕೊಂಡರೆ ಆ ತಪ್ಪು ಆಗುವುದೇ ಇಲ್ಲ.

ಹೆಜ್ಜೆ 2: ಬಹುವಚನವನ್ನು ಪೂರ್ತಿ ಬರೆದು ಮುಗಿಸಿ, ಕೊಕ್ಕೆಯನ್ನು ಮರೆತುಬಿಡಿ

ಕನ್ನಡದಲ್ಲಿ “ಪುಸ್ತಕಗಳ” ಎನ್ನುವಾಗ ಮೊದಲು “ಗಳ್” ಬರುತ್ತದೆ, ಆಮೇಲೆ ಷಷ್ಠಿಯ “ಅ”. ಈ ಕ್ರಮ ಎಂದೂ ತಿರುಗುಮುರುಗಾಗುವುದಿಲ್ಲ. ಇಂಗ್ಲಿಷಿನದೂ ಇದೇ ಕ್ರಮ. ಆದರೆ ಅಲ್ಲಿ ಬಹುವಚನಕ್ಕೂ ಎಸ್, ಷಷ್ಠಿಗೂ ಎಸ್. ಹಾಗಾಗಿ ಎರಡನ್ನೂ ಒಂದೇ ಏಟಿಗೆ ಮುಗಿಸಲು ಕೈ ಹಾತೊರೆಯುತ್ತದೆ, ತಪ್ಪು ಹುಟ್ಟುವುದು ಅಲ್ಲೇ.

ಕಚೇರಿಯ ಇಮೇಲುಗಳಲ್ಲಿ ಹೆಚ್ಚು ಏಟು ತಿನ್ನುವ ಪದ ಕಂಪನಿ. ಇದು ವೈ ಅಕ್ಷರದಿಂದ ಮುಗಿಯುತ್ತದೆ. “ಕಂಪನಿಯ ನಿಯಮ” ಎನ್ನಲು ವೈ ಹಾಗೇ ಉಳಿದು ಕೊಕ್ಕೆ, ಎಸ್ ಬರುತ್ತವೆ: ಕಂಪನಿ’ಸ್. “ಕಂಪನಿಗಳ ನಿಯಮ” ಎನ್ನಲು ಮೊದಲು ಬಹುವಚನ ಮಾಡಬೇಕು. ವೈ ಹೋಗಿ ಐ-ಇ-ಎಸ್ ಬರುತ್ತದೆ, ಅದರ ಮೇಲೆ ಕೊಕ್ಕೆ: ಕಂಪನೀಸ್’. ಐ-ಇ ಬರೆದು, ಕೊಕ್ಕೆ ಹಾಕಿ, ಆಮೇಲೆ ಎಸ್ ಬರೆದರೆ ಅದು ಯಾವ ಪದವೂ ಅಲ್ಲ; “ಕಂಪನಿ-ಇ” ಎಂಬುದೊಂದು ವಸ್ತು ಇದ್ದು, ಅದರದ್ದು ಎಂದಂತಾಯಿತು. ಲೇಡಿ, ಕಂಟ್ರಿ, ಬೇಬಿ, ಸಿಟಿ, ಫ್ಯಾಮಿಲಿ ಎಲ್ಲಕ್ಕೂ ಇದೇ ದಾರಿ. ವೈ ಹಿಂದೆ ಸ್ವರವಿದ್ದರೆ (ಬಾಯ್, ಡೇ, ಅಟಾರ್ನಿ) ವೈ ಕದಲುವುದಿಲ್ಲ, ಬರೀ ಎಸ್ ಸೇರುತ್ತದೆ.

ಎಫ್ ಅಥವಾ ಎಫ್-ಇ ಇಂದ ಮುಗಿಯುವ ಕೆಲವು ಪದಗಳಲ್ಲಿ ಅದು ಹೋಗಿ ವಿ-ಇ-ಎಸ್ ಬರುತ್ತದೆ: ವೈಫ್ → ವೈವ್ಸ್ → ವೈವ್ಸ್’, ಥೀಫ್ → ಥೀವ್ಸ್ → ಥೀವ್ಸ್’. ಬಾಸ್, ಬಸ್, ಕ್ಲಾಸ್‌ಗಳಿಗೆ ಇ-ಎಸ್: ಬಾಸಸ್, ಆಮೇಲೆ ಬಾಸಸ್’. ಒಬ್ಬನೇ ಬಾಸ್ ಇದ್ದರೆ ಬಾಸ್’ಸ್. ಮೂರನ್ನೂ ಓದುವಾಗ ದನಿ ಒಂದೇ, ಕಣ್ಣಿಗಷ್ಟೇ ಬೇರೆ.

ಹೆಜ್ಜೆ 3: ಈಗ ಕೊನೆಯ ಅಕ್ಷರ ನೋಡಿ

ಬರೆದ ಬಹುವಚನ ಎಸ್‌ನಿಂದ ಮುಗಿದಿದೆಯೇ? ಬರೀ ಕೊಕ್ಕೆ ಸಾಕು. ಟೀಚರ್ಸ್’, ಫಾರ್ಮರ್ಸ್’, ಪೇರೆಂಟ್ಸ್’.

ಎಸ್‌ನಿಂದ ಮುಗಿದಿಲ್ಲವೇ? ಕೊಕ್ಕೆ ಹಾಕಿ ಎಸ್ ಸೇರಿಸಿ. ಮೆನ್’ಸ್, ವಿಮೆನ್’ಸ್, ಚಿಲ್ಡ್ರನ್’ಸ್, ಪೀಪಲ್’ಸ್. ಇವು ಆಗಲೇ ಬಹುವಚನ. “ಚಿಲ್ಡ್ರನ್ಸ್” ಎಂಬ ಪದ ಇಂಗ್ಲಿಷಿನಲ್ಲಿ ಇಲ್ಲವೇ ಇಲ್ಲ, ಹಾಗಾಗಿ ಅದರ ಮುಂದೆ ಕೊಕ್ಕೆ ಹಾಕುವ ಪ್ರಶ್ನೆಯೂ ಇಲ್ಲ. ರಸ್ತೆಬದಿಯ ಬೋರ್ಡುಗಳಲ್ಲಿ ಕಾಣುವ “ಮೆನ್ಸ್ ವೇರ್”, “ವಿಮೆನ್ಸ್ ಹಾಸ್ಟೆಲ್” ಎರಡೂ ಕೊಕ್ಕೆಯಿಲ್ಲದೆ ತಪ್ಪು. ಪೀಪಲ್ ಒಂದಿಷ್ಟು ಬೇರೆ. ಜನ ಎಂಬ ಅರ್ಥದಲ್ಲಿ ಪೀಪಲ್’ಸ್. ಹಲವು ಜನಾಂಗಗಳು ಎಂಬ ಅರ್ಥದಲ್ಲಿ ಮಾತ್ರ ಅದಕ್ಕೆ ಪೀಪಲ್ಸ್ ಎಂಬ ಬಹುವಚನವಿದೆ, ಆಗ ಪೀಪಲ್ಸ್’.

ಶೀಪ್, ಡಿಯರ್‌ಗಳಿಗೆ ಏಕವಚನ, ಬಹುವಚನ ಒಂದೇ. ಶೀಪ್’ಸ್ ಎಂದರೆ ಕುರಿಯದ್ದೂ ಹೌದು, ಕುರಿಗಳದ್ದೂ ಹೌದು. ಎಷ್ಟು ಕುರಿ ಎಂಬುದು ಮುಖ್ಯವಾದರೆ “ಆಫ್” ಹಾಕಿ ವಾಕ್ಯ ಬದಲಿಸುವುದೇ ಜಾಣತನ. ಸೀರೀಸ್, ಸ್ಪೀಶೀಸ್‌ಗಳದ್ದೂ ಇದೇ ಕತೆ. ಅವು ಮೊದಲೇ ಎಸ್‌ನಿಂದ ಮುಗಿಯುವುದರಿಂದ ಬರೀ ಕೊಕ್ಕೆ. ಅರ್ಥದಲ್ಲಿ ಒಂದೇ ಆದರೂ ರೂಪದಲ್ಲಿ ಬಹುವಚನವಾಗಿರುವ ಯುನೈಟೆಡ್ ಸ್ಟೇಟ್ಸ್‌ಗೂ ಬರೀ ಕೊಕ್ಕೆಯೇ.

ಕನ್ನಡದ ಅಳತೆಗೋಲು ಕೈಕೊಡುವ ಎರಡು ಜಾಗ

ಮೊದಲನೆಯದು ಮರ್ಯಾದೆಯ ಬಹುವಚನ. “ತಂದೆಯವರ ಹೆಸರು”, “ಪ್ರಿನ್ಸಿಪಾಲರ ಕೊಠಡಿ”, “ಅಧ್ಯಕ್ಷರ ಭಾಷಣ”, “ಗುರುಗಳ ಮನೆ”. ಕೊನೆಯಲ್ಲಿ ರ, ಗಳ ಇದೆ, ಆದರೆ ಇರುವವರು ಒಬ್ಬರೇ. ಹೆಜ್ಜೆ 1ನ್ನು ಕುರುಡಾಗಿ ನಂಬಿದರೆ ಅರ್ಜಿಯಲ್ಲಿ ಫಾದರ್ಸ್’ ನೇಮ್ ಎಂದು ಬರೆದುಬಿಡುತ್ತೀರಿ. ಓದುವವರಿಗೆ ಅದು ಹಲವು ಅಪ್ಪಂದಿರ ಹೆಸರಾಗಿ ಕಾಣುತ್ತದೆ! ಇಂಗ್ಲಿಷ್ ನಾಮಪದಕ್ಕೆ ಮರ್ಯಾದೆಯ ಬಹುವಚನವಿಲ್ಲ. ಮರ್ಯಾದೆಗೆಲ್ಲ ಮಿಸ್ಟರ್, ಸರ್, ಡಾಕ್ಟರ್‌ಗಳೇ ಗತಿ. ಆದ್ದರಿಂದ ಮನುಷ್ಯರ ಮಾತು ಬಂದಾಗ “ಎಷ್ಟು ಜನ?” ಎಂದು ಒಮ್ಮೆ ಕೇಳಿಕೊಳ್ಳಿ. ಒಬ್ಬರೇ ಎಂದಾದರೆ ಫಾದರ್’ಸ್ ನೇಮ್, ಪ್ರಿನ್ಸಿಪಲ್’ಸ್ ರೂಮ್. ಶಾಲೆಯ ಪ್ರೋಗ್ರೆಸ್ ಕಾರ್ಡಿನಲ್ಲಿ ಒಬ್ಬರೇ ಸಹಿ ಹಾಕುವ ಜಾಗಕ್ಕೆ ಪೇರೆಂಟ್’ಸ್ ಸಿಗ್ನೇಚರ್ ಸರಿ. ಅಪ್ಪ ಅಮ್ಮ ಇಬ್ಬರೂ ಬರಬೇಕಾದ ಸಭೆಗೆ ಪೇರೆಂಟ್ಸ್’ ಮೀಟಿಂಗ್.

ಎರಡನೆಯದು ಇದಕ್ಕೆ ಉಲ್ಟಾ. ಸಂಖ್ಯೆ ಜೊತೆಗಿದ್ದರೆ ಕನ್ನಡ ಎಷ್ಟೋ ಸಲ ಬಹುವಚನದ ಗೋಜಿಗೇ ಹೋಗುವುದಿಲ್ಲ. “ಎರಡು ದಿನದ ರಜೆ”, “ಐದು ವರ್ಷದ ಅನುಭವ”, “ಹತ್ತು ರೂಪಾಯಿಯ ಕೊತ್ತಂಬರಿ ಸೊಪ್ಪು”. ಎರಡು ಎಂದಮೇಲೆ ಗಳ ಯಾಕೆ ಎಂಬುದು ನಮ್ಮ ಭಾಷೆಯ ಲೆಕ್ಕ. ಇಂಗ್ಲಿಷಿಗೆ ಆ ಉದಾರತೆ ಇಲ್ಲ, ಎರಡು ಎಂದರೂ ಡೇಸ್ ಎನ್ನಲೇಬೇಕು.

ರಜೆ ಅರ್ಜಿಯ ಸಾಲನ್ನೇ ಹತ್ತಿರದಿಂದ ನೋಡಿ. ಸಾಮಾನ್ಯವಾಗಿ ಬರುವುದು ಹೀಗೆ: ಪ್ಲೀಸ್ ಗ್ರಾಂಟ್ ಮಿ ಟೂ ಡೇ’ಸ್ ಲೀವ್. ಕೊಕ್ಕೆ ಡೇ ಪದಕ್ಕೆ ಅಂಟಿಕೊಂಡಿದೆ, ಅಂದರೆ ಒಂದೇ ದಿನ. ಹಿಂದೆ ನೋಡಿದರೆ ಟೂ. ಒಂದಕ್ಕೊಂದು ಹೊಂದುವುದಿಲ್ಲ. ಸರಿಪಡಿಸುವ ದಾರಿ ಎರಡಿವೆ. ಟೂ ಡೇಸ್’ ಲೀವ್ ಎನ್ನಿ, ಕೊಕ್ಕೆ ಎಸ್ ಆದಮೇಲೆ. ಇಲ್ಲವೇ ಲೀವ್ ಫಾರ್ ಟೂ ಡೇಸ್ ಎನ್ನಿ, ಆಗ ಕೊಕ್ಕೆಯೇ ಬೇಡ. ಒಂದೇ ದಿನಕ್ಕಾದರೆ ಒನ್ ಡೇ’ಸ್ ಲೀವ್. ಕೊಕ್ಕೆಯ ಬಗ್ಗೆ ಅನುಮಾನವಿದ್ದವರಿಗೆ “ಫಾರ್” ದಾರಿಯೇ ಕ್ಷೇಮ, ಮೇಲಧಿಕಾರಿಗೆ ಅದರಿಂದ ಏನೂ ನಷ್ಟವಿಲ್ಲ.

ಕೆಲಸದ ಅರ್ಜಿಯಲ್ಲೂ ಹಾಗೇ. ಫೈವ್ ಇಯರ್ಸ್’ ಎಕ್ಸ್‌ಪೀರಿಯೆನ್ಸ್ ಎಂದರೆ ಕೊಕ್ಕೆ ಬೇಕು, ಫೈವ್ ಇಯರ್ಸ್ ಆಫ್ ಎಕ್ಸ್‌ಪೀರಿಯೆನ್ಸ್ ಎಂದರೆ ಬೇಡ. ಎರಡು ಪದಗಳ ನಡುವೆ “ಆಫ್” ತೂರಿಸಿ ನೋಡಿ. ಅರ್ಥ ಕೆಡದೆ ಕೂತರೆ, ಆಫ್ ಇಲ್ಲದಾಗ ಅದರ ಜಾಗವನ್ನು ಕೊಕ್ಕೆ ತುಂಬಬೇಕು ಎಂದರ್ಥ. ಟೂ ವೀಕ್ಸ್’ ನೋಟಿಸ್, ಟೆನ್ ರುಪೀಸ್’ ವರ್ತ್ ಎಲ್ಲವೂ ಹೀಗೇ ದಾಟುತ್ತವೆ. ಫೈವ್ ಇಯರ್ಸ್ ಓಲ್ಡ್ ಎಂಬಲ್ಲಿ ಆಫ್ ಕೂರುವುದಿಲ್ಲ, ಓಲ್ಡ್ ಗುಣವಾಚಕ. ಅಲ್ಲಿ ಕೊಕ್ಕೆ ಬೇಡ. ಎ ಟೂ-ಡೇ ಟ್ರಿಪ್ ಎಂದು ಅಡ್ಡಗೆರೆ ಹಾಕಿ ಜೋಡಿಸಿದಾಗ ಎಸ್ಸೂ ಇಲ್ಲ, ಕೊಕ್ಕೆಯೂ ಇಲ್ಲ.

ಕನ್ನಡದಲ್ಲಿ ಷಷ್ಠಿ ಬಂದಲ್ಲೆಲ್ಲ ಇಂಗ್ಲಿಷಿನಲ್ಲೂ ಕೊಕ್ಕೆ ಬೇಕೆಂದೇನಿಲ್ಲ. “ಮರದ ಮೇಜು” ವುಡನ್ ಟೇಬಲ್ ಆಗುತ್ತದೆ. “ಮನೆಗಳ ಛಾವಣಿಗಳು” ಎಂಬಂಥ ಜೀವವಿಲ್ಲದ ವಸ್ತುಗಳಿಗೆ ದ ರೂಫ್ಸ್ ಆಫ್ ದ ಹೌಸಸ್ ಎಂಬುದೇ ಸಹಜವಾಗಿ ಕೇಳುತ್ತದೆ.

ಮನೆತನದ ಹೆಸರುಗಳು

ಮದುವೆ ಕಾರ್ಡು, ಗೃಹಪ್ರವೇಶದ ಆಮಂತ್ರಣ, ಬಾಗಿಲ ಮೇಲಿನ ಫಲಕ, ಇಲ್ಲೆಲ್ಲ ಇದು ಬೇಕಾಗುತ್ತದೆ. ಹೆಸರಿಗೆ ಬಹುವಚನ ಮಾಡುವಾಗ ಕಾಗುಣಿತ ಮುಟ್ಟಬಾರದು ಎಂಬುದೇ ಮುಖ್ಯ ನಿಯಮ. ಶೆಟ್ಟಿ, ರೆಡ್ಡಿ, ಮೂರ್ತಿಗಳನ್ನು ಇಂಗ್ಲಿಷಿನಲ್ಲಿ ವೈ ಹಾಕಿ ಬರೆಯುವುದು ರೂಢಿ. ಲೇಡಿ, ಲೇಡೀಸ್ ಎಂದಂತೆ ಇಲ್ಲಿ ವೈ ತೆಗೆದು ಐ-ಇ-ಎಸ್ ಹಾಕುವಂತಿಲ್ಲ. ವೈ ಉಳಿಸಿಕೊಂಡು ಎಸ್ ಸೇರಿಸಿ. ಶೆಟ್ಟಿ ಮನೆಯವರೆಲ್ಲ ದ ಶೆಟ್ಟಿಸ್, ಅವರ ಮನೆ ದ ಶೆಟ್ಟಿಸ್’ ಹೌಸ್. ಫಲಕದ ಮೇಲೆ “ದ ಶೆಟ್ಟಿ’ಸ್” ಎಂದು ಕೆತ್ತಿಸಿದರೆ ಒಬ್ಬನೇ ಶೆಟ್ಟಿಯ ಯಾವುದೋ ಒಂದು ವಸ್ತು ಎಂದಾಗುತ್ತದೆ. ಕೆತ್ತುವವರಿಗೆ ಕೊಡುವ ಮುಂಚೆ ನೋಡಿಕೊಳ್ಳಿ, ಗ್ರಾನೈಟ್ ಮೇಲೆ ಅಳಿಸಲಾಗುವುದಿಲ್ಲ.

ಎಸ್‌ನಿಂದ ಮುಗಿಯುವ ಹೆಸರುಗಳಿಗೆ ಇ-ಎಸ್. ದಾಸ್ ಮನೆಯವರು ದ ದಾಸಸ್, ಅವರ ಕಾರು ದ ದಾಸಸ್’ ಕಾರ್. ಇಂಗ್ಲಿಷರ ಜೋನ್ಸ್ ಮನೆತನದವರು ದ ಜೋನ್ಸಸ್, ಆಮೇಲೆ ಜೋನ್ಸಸ್’. ಬಾಯಲ್ಲಿ ತೊಡಕೆನಿಸಿದರೆ ದ ದಾಸ್ ಫ್ಯಾಮಿಲಿ’ಸ್ ಕಾರ್ ಎಂದು ಸುತ್ತಿ ಬರಬಹುದು. ಒಬ್ಬರೇ ದಾಸ್ ಆದರೆ ಎರಡು ಪಂಗಡಗಳಿವೆ. ಶಿಕಾಗೊ ಶೈಲಿಕೈಪಿಡಿ ದಾಸ್’ಸ್ ಎನ್ನುತ್ತದೆ, ಅಮೆರಿಕದ ಪತ್ರಿಕೆಗಳು ಅನುಸರಿಸುವ ಎಪಿ ಶೈಲಿ ದಾಸ್’ ಎನ್ನುತ್ತದೆ. ಯಾವುದನ್ನಾದರೂ ಹಿಡಿಯಿರಿ, ಒಂದೇ ಬರಹದಲ್ಲಿ ಎರಡನ್ನೂ ಬೆರೆಸಬೇಡಿ. ಬಹುವಚನದಲ್ಲಿ ಇವರಿಬ್ಬರಿಗೂ ಜಗಳವಿಲ್ಲ.

ಎರಡು ಹೆಸರು ಒಟ್ಟಿಗೆ ಬಂದಾಗ ಸ್ವತ್ತು ಜಂಟಿಯೋ, ಬೇರೆಬೇರೆಯೋ ನೋಡಿ. ಒಂದೇ ಮನೆ ಇಬ್ಬರದೂ ಆದರೆ ಕೊಕ್ಕೆ ಕೊನೆಯ ಹೆಸರಿಗಷ್ಟೇ: ರವಿ ಆ್ಯಂಡ್ ಸುಮಾ’ಸ್ ಹೌಸ್. ಇಬ್ಬರ ಫೋನುಗಳು ಬೇರೆಬೇರೆಯಾದರೆ ಇಬ್ಬರಿಗೂ ಹಾಕಿ: ರವಿ’ಸ್ ಆ್ಯಂಡ್ ಸುಮಾ’ಸ್ ಫೋನ್ಸ್.

ಅತ್ತೆಯರು, ಶಾಸಕರು

ಮದರ್-ಇನ್-ಲಾ ಎಂಬಲ್ಲಿ ಬಹುವಚನ ಮೊದಲ ಪದಕ್ಕೆ, ಷಷ್ಠಿ ಕೊನೆಗೆ. ಅತ್ತೆಯರು ಮದರ್ಸ್-ಇನ್-ಲಾ, ಅತ್ತೆಯರ ಎನ್ನಲು ಮದರ್ಸ್-ಇನ್-ಲಾ’ಸ್. ಎರಡೂ ಎಸ್ ಒಂದೇ ಪದದಲ್ಲಿ ದೂರದೂರ ಕೂತಿರುವುದನ್ನು ನೋಡಿ. ಒಂದು ಬಹುವಚನದ ಗಳ್, ಇನ್ನೊಂದು ಷಷ್ಠಿಯ ಅ. ಬೇರೆಡೆ ಅಂಟಿಕೊಂಡು ಗೊಂದಲ ಮಾಡುವ ಎರಡು ಕೆಲಸಗಳು ಇಲ್ಲಿ ಬಿಡಿಬಿಡಿಯಾಗಿ ಕಾಣುತ್ತವೆ.

ಎಂಎಲ್‌ಎ, ಡಿಸಿಯಂಥ ಸಂಕ್ಷೇಪಗಳಿಗೆ ಬಹುವಚನ ಮಾಡಲು ಬರೀ ಎಸ್ ಸಾಕು. “ಶಾಸಕರು ಬಂದರು” ಎನ್ನಲು ಎಂಎಲ್‌ಎ’ಸ್ ಎಂದು ಬರೆಯುವುದು ತಪ್ಪು. ಎಂಎಲ್‌ಎಸ್ (ಎಂ-ಎಲ್-ಎ ಆದಮೇಲೆ ಬರೀ ಎಸ್) ಬಂದರು, ಅವರ ಸಂಬಳ ಎಂಎಲ್‌ಎಸ್’ ಸ್ಯಾಲರೀಸ್. 1990ರ ದಶಕ ಎಂದು ಸೂಚಿಸುವಾಗಲೂ ಅಂಕಿಯ ಮುಂದೆ ಎಸ್ ಅಷ್ಟೇ, ನಡುವೆ ಕೊಕ್ಕೆ ಬೇಡ.

ದೇರ್ಸ್, ಅವರ್ಸ್, ಯುವರ್ಸ್‌ನಂಥ ಸರ್ವನಾಮಗಳಿಗೆ ಕೊಕ್ಕೆಯೇ ಇಲ್ಲ. ಈಚ್ ಅದರ್‌ಗೆ ಮಾತ್ರ ಉಂಟು, ಅದು ಯಾವತ್ತೂ ಏಕವಚನ, ಈಚ್ ಅದರ್’ಸ್. ಬೇರೆಯವರ ಎಂಬ ಅರ್ಥದಲ್ಲಾದರೆ ಅದರ್ಸ್’.

ಹೆಸರಾಗಿ ನಿಂತುಬಿಟ್ಟವು

ಹಬ್ಬ, ದಿನಾಚರಣೆ, ಸಂಸ್ಥೆಗಳ ಹೆಸರಲ್ಲಿ ನಿಯಮಕ್ಕಿಂತ ಇಟ್ಟವರ ಇಷ್ಟ ದೊಡ್ಡದು. ಸೆಪ್ಟೆಂಬರ್ 5 ಟೀಚರ್ಸ್’ ಡೇ, ನವೆಂಬರ್ 14 ಚಿಲ್ಡ್ರನ್’ಸ್ ಡೇ, ಮಾರ್ಚ್ 8 ವಿಮೆನ್’ಸ್ ಡೇ. ಇವು ಮೂರೂ ನಿಯಮದಂತೆಯೇ ಇವೆ. ತಾಯಂದಿರ ದಿನ ಎಂದು ನಾವು ಬಹುವಚನದಲ್ಲಿ ಹೇಳಿದರೂ ಇಂಗ್ಲಿಷಿನಲ್ಲಿ ಅದು ಮದರ್’ಸ್ ಡೇ, ಏಕವಚನ. ಅಮೆರಿಕದಲ್ಲಿ ಈ ಆಚರಣೆಗಾಗಿ ಹೋರಾಡಿದ ಆ್ಯನಾ ಜಾರ್ವಿಸ್ ಹಟ ಹಿಡಿದು ಕೊಕ್ಕೆಯನ್ನು ಎಸ್‌ಗಿಂತ ಮುಂಚೆ ಇರಿಸಿದರು. ಒಂದೊಂದು ಮನೆಯೂ ತನ್ನ ತಾಯಿಯನ್ನು ನೆನೆಯಬೇಕು, ಲೋಕದ ತಾಯಂದಿರನ್ನೆಲ್ಲ ಒಟ್ಟಿಗೆ ಅಲ್ಲ, ಎಂಬುದು ಅವರ ವಾದ. 1914ರಲ್ಲಿ ಅಧ್ಯಕ್ಷ ವುಡ್ರೋ ವಿಲ್ಸನ್ ಆ ದಿನವನ್ನು ಘೋಷಿಸಿದರು. ಅದೇ ದೇಶದಲ್ಲಿ ಮಾಜಿ ಸೈನಿಕರಿಗಾಗಿ ಇರುವ ನವೆಂಬರ್ 11ರ ವೆಟರನ್ಸ್ ಡೇಗೆ ಕೊಕ್ಕೆಯೇ ಇಲ್ಲ. ಆ ದಿನ ವೆಟರನ್‌ಗಳ ಸ್ವತ್ತಲ್ಲ, ಅವರನ್ನು ಗೌರವಿಸುವ ದಿನ ಎಂಬುದು ಅಲ್ಲಿನ ಸರ್ಕಾರಿ ಇಲಾಖೆಯ ವಿವರಣೆ.

ಸ್ಪೋರ್ಟ್ಸ್ ಡೇ, ಸೇವಿಂಗ್ಸ್ ಅಕೌಂಟ್ ಎಂಬಲ್ಲಿ ಮೊದಲ ಪದ ಒಡೆತನ ಹೇಳುವುದಿಲ್ಲ, ಬಗೆ ಹೇಳುತ್ತದೆ, ಕೊಕ್ಕೆ ಬೇಡ. ಸಂಸ್ಥೆಗಳ ಹೆಸರನ್ನು ಅವರು ಬರೆದುಕೊಂಡಂತೆಯೇ ನಕಲು ಮಾಡಿ. ಬೆಂಗಳೂರಿನ ಬಿಷಪ್ ಕಾಟನ್ ಬಾಯ್ಸ್’ ಸ್ಕೂಲ್ ಕೊಕ್ಕೆ ಇಟ್ಟುಕೊಂಡಿದೆ. ಬ್ರಿಟನ್ನಿನ ಪುಸ್ತಕದಂಗಡಿ ವಾಟರ್‌ಸ್ಟೋನ್ಸ್ 2012ರಲ್ಲಿ ತನ್ನ ಕೊಕ್ಕೆಯನ್ನು ಕಳಚಿತು. ಅವರನ್ನು ತಿದ್ದುವ ಅಧಿಕಾರ ನಮಗಿಲ್ಲ.

ಟೈಪ್ ಮಾಡುವಾಗ

ಕಂಪ್ಯೂಟರಿನ ಸ್ಪೆಲ್‌ಚೆಕ್ “ಚಿಲ್ಡ್ರನ್ಸ್” ಕಂಡರೆ ಕೆಂಪು ಗೆರೆ ಎಳೆಯುತ್ತದೆ. ಬಾಯ್ಸ್, ಬಾಯ್’ಸ್, ಬಾಯ್ಸ್’ ಮೂರೂ ಅದಕ್ಕೆ ಸರಿಯಾದ ಪದಗಳೇ, ಹಾಗಾಗಿ ಸುಮ್ಮನಿರುತ್ತದೆ. ಫೋನಿನ ಆಟೊಕರೆಕ್ಟ್ ನೀವು ಹಾಕದ ಕೊಕ್ಕೆಯನ್ನು ತಾನೇ ಹಾಕುವುದೂ ಉಂಟು. ಕಳಿಸುವ ಮುಂಚೆ ಎಸ್‌ನಿಂದ ಮುಗಿಯುವ ಪದಗಳ ಮೇಲೆ ಮಾತ್ರ ಒಂದು ಸುತ್ತು ಕಣ್ಣಾಡಿಸಿ. ಒಂಟಿ ಉದ್ಧರಣ ಚಿಹ್ನೆಯೊಳಗೆ ಬಹುವಚನದ ಷಷ್ಠಿ ಬಂದರೆ ಕೊಕ್ಕೆ ಯಾವುದು, ಮುಚ್ಚುವ ಚಿಹ್ನೆ ಯಾವುದು ಗೊತ್ತಾಗುವುದಿಲ್ಲ. ಅಲ್ಲಿ ಜೋಡಿ ಚಿಹ್ನೆ ಬಳಸಿ.

ಒಂದು ನೋಟಿಸ್, ಹೆಜ್ಜೆ ಹೆಜ್ಜೆಗೂ

ಅಪಾರ್ಟ್‌ಮೆಂಟಿನ ಲಿಫ್ಟ್ ಬಾಗಿಲಿಗೆ ಅಂಟಿಸುವಂಥ ನಾಲ್ಕು ಸಾಲು ಎಂದುಕೊಳ್ಳಿ. ಬರೆದಿರುವುದು ಹೀಗೆ: ಆಲ್ ರೆಸಿಡೆಂಟ್’ಸ್ ಪ್ಲೀಸ್ ನೋಟ್. ಚಿಲ್ಡ್ರನ್ಸ್ ಪ್ಲೇ ಏರಿಯಾ ವಿಲ್ ಬಿ ಕ್ಲೋಸ್ಡ್ ಟುಮಾರೊ. ವಿಸಿಟರ್’ಸ್ ವೆಹಿಕಲ್ಸ್ ಆರ್ ನಾಟ್ ಅಲೌಡ್ ಇನ್ ದ ಬೇಸ್‌ಮೆಂಟ್. ಟೆನೆಂಟ್ಸ್ ಮಸ್ಟ್ ಗಿವ್ ತ್ರೀ ಡೇ’ಸ್ ನೋಟಿಸ್ ಟು ದ ಪ್ರೆಸಿಡೆಂಟ್ಸ್’ ಆಫೀಸ್.

“ನಿವಾಸಿಗಳೆಲ್ಲರೂ ಗಮನಿಸಿ”: ಗಳು, ಷಷ್ಠಿಯಲ್ಲ. ರೆಸಿಡೆಂಟ್ಸ್, ಕೊಕ್ಕೆ ಕಿತ್ತುಹಾಕಿ. “ಮಕ್ಕಳ ಆಟದ ಜಾಗ”: ಷಷ್ಠಿ, ಬಹುವಚನ ಚಿಲ್ಡ್ರನ್, ಕೊನೆಯಲ್ಲಿ ಎಸ್ ಇಲ್ಲ. ಚಿಲ್ಡ್ರನ್’ಸ್. “ಬರುವವರ ವಾಹನಗಳು”: ಹಲವು ಜನ, ವಿಸಿಟರ್ಸ್, ಎಸ್ ಇದೆ. ವಿಸಿಟರ್ಸ್’. ವೆಹಿಕಲ್ಸ್ ಹಾಗೇ ಇರಲಿ. “ಬಾಡಿಗೆದಾರರು ಕೊಡಬೇಕು”: ಟೆನೆಂಟ್ಸ್ ಸರಿಯಾಗಿಯೇ ಇದೆ. “ಮೂರು ದಿನದ ನೋಟಿಸ್”: ಕನ್ನಡ ಏಕವಚನ ಹೇಳಿ ಬಲೆಗೆ ಬೀಳಿಸುವ ಜಾಗ, ತ್ರೀ ಡೇಸ್’. “ಅಧ್ಯಕ್ಷರ ಕಚೇರಿ”: ಇದು ಮರ್ಯಾದೆಯ ರ, ಸಂಘಕ್ಕೆ ಅಧ್ಯಕ್ಷರು ಒಬ್ಬರೇ. ಪ್ರೆಸಿಡೆಂಟ್’ಸ್ ಆಫೀಸ್.